ಹೊಲಿದ ತೋಳು

ಚೈತ್ರಮಾಸದ ಪ್ರಾತಃಕಾಲವೆಂದರೆ ಜಕ್ಕೂರಿನ ಕೆರೆಗೆ ಅದೇನು ಸಂಭ್ರಮವೋ, ಅದೇನು ಬಿಂಕವೋ! ಮೂಡಣದ ಅರುಣರಾಗವು ನೀರಿಗಿಳಿಯುವ ಮೊದಲೇ ಹೆಜ್ಜಾರ್ಲೆ ಹಕ್ಕಿಗಳು ಮಂದಗಮನದಿಂದ ತೇಲತೊಡಗುತ್ತವೆ. ಏರಿಯ ಮೇಲಿನ ಹೊಂಗೆಮರಗಳು ಉದುರಿಸಿದ ಹೂಗಳು ನಸುನೇರಿಳೆಯಾಗಿ ದಾರಿಯುದ್ದಕ್ಕೂ ಹಾಸಿಕೊಂಡಿರುತ್ತವೆ. ಆಚೆ ದಡದ ಎತ್ತರೆತ್ತರದ ವಸತಿಸೌಧಗಳು ಗಾಜಿನ ಕಿಟಕಿಗಳಲ್ಲಿ ಬಾಲಸೂರ್ಯನನ್ನು ಹಿಡಿದಿಟ್ಟುಕೊಂಡು, ಕಂಡ ಬೆಳಕೆಲ್ಲ ತಮ್ಮದೇ ಎಂಬಂತೆ ಮೆರೆಯುತ್ತವೆ. ಅಷ್ಟರಲ್ಲಿ ವಿಮಾನ ಹಾರಿಸಲು ಕಲಿಸುವ ಮೈದಾನದಿಂದ ಪುಟ್ಟ ವಿಮಾನವೊಂದು ಗುರ್ರೆನ್ನುತ್ತ ಮೇಲೆದ್ದು, ಕೆರೆಯನ್ನೊಮ್ಮೆ ಪ್ರದಕ್ಷಿಣೆ ಹಾಕಿ, ಎದ್ದಲ್ಲಿಗೇ ಬಂದಿಳಿಯುತ್ತದೆ. ನೋಡಲು ನಿಂತವರಿಗೆ ಕೆಲಸಕ್ಕೆ ಹೊತ್ತಾಗುತ್ತದೆ.

ಆದರೆ ಸಹೃದಯರೇ, ಈ ಸೊಬಗಿಗೆ ಮರುಳಾಗಬೇಡಿ! ನಿಸರ್ಗವು ಕರುಣಾಮಯಿ ಎಂಬುದು ಹೊಟ್ಟೆ ತುಂಬಿದವರು ಆಡುವ ಮಾತು. ಅದೇ ಕೆರೆಯ ಬದಿಯ ಹಳೆಯ ಊರಿನೊಳಗೆ, ಅದೇ ಹೊಂಬಿಸಿಲು ಹೊಸ್ತಿಲು ದಾಟಿ ಬರುವ ಒಂದು ಪಡಸಾಲೆಯಲ್ಲಿ, ಒಬ್ಬ ತಾಯಿ ತನ್ನ ಹದಿನಾರು ವರ್ಷದ ಮಗಳ ಕೈಯನ್ನು ಕಟ್ಟುತ್ತಿದ್ದಳು. ಕೆಟ್ಟ ಕೈಯನ್ನಲ್ಲ... ಚೆನ್ನಾಗಿದ್ದ ಕೈಯನ್ನು.

ಆಕೆ ಕಲಾವತಿ. ವಸತಿಸೌಧಗಳ ಹೆಂಗಸರಿಗೆಲ್ಲ ಬ್ಲೌಸು ಹೊಲಿದುಕೊಡುವವಳು. ಅಳತೆಯಲ್ಲಿ ಒಂದು ನೂಲು ಆಚೀಚೆ ಆಗದು ಎಂದು ಹೆಸರಾದವಳು. ಯಾರದೋ ರೇಷ್ಮೆ ಬ್ಲೌಸಿನಲ್ಲಿ ಉಳಿದ ಕುಂಕುಮಬಣ್ಣದ ತುಂಡಿಗೆ ಹತ್ತಿ ತುಂಬಿ, ಒಳಗೆ ಮೆತ್ತನೆಯ ಲೈನಿಂಗ್ ಕೊಟ್ಟು, ಬೆರಳುಗಳೇ ಇಲ್ಲದ ಒಂದು ಗವಸನ್ನು ಅವಳು ಹೊಲಿದಿದ್ದಳು. ಮಣಿಕಟ್ಟಿನ ಬಳಿ ಹಸಿರು ಲಾಡಿ. ಪ್ರತಿದಿನ ಬೆಳಗ್ಗೆ ಮಗಳು ಪದ್ಮಶ್ರೀಯ ಎಡಗೈಗೆ ಅದನ್ನು ತೊಡಿಸಿ ಲಾಡಿ ಬಿಗಿಯುವಾಗ, "ಇವತ್ತು ಒಂದಿನ ಕಂದಾ," ಎನ್ನುತ್ತಿದ್ದಳು. ಹಾಗೆನ್ನುತ್ತ ಹನ್ನೊಂದು ವಾರ ಕಳೆದಿತ್ತು.

ಆದದ್ದಿಷ್ಟು. ಹಿಂದಿನ ಕಾರ್ತಿಕದ ಒಂದು ಸಂಜೆ, ಗೆಳತಿ ಶೀತಲ್‌ಳ ಸ್ಕೂಟರಿನ ಹಿಂದೆ ಕುಳಿತು ಟ್ಯೂಷನ್ನಿನಿಂದ ಬರುತ್ತಿದ್ದ ಪದ್ಮಶ್ರೀ, ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಚೆಲ್ಲಿದ್ದ ಜಲ್ಲಿಯ ಮೇಲೆ ಜಾರಿ ಬಿದ್ದಳು. ಶೀತಲ್‌ಳ ಮೊಣಕೈ ತರಚಿತು, ಅಷ್ಟೆ. ಪದ್ಮಶ್ರೀಯ ತಲೆಯ ಎಡಭಾಗ ರಸ್ತೆಯಂಚಿನ ಕಲ್ಲಿಗೆ ಬಡಿಯಿತು. ಹನ್ನೊಂದು ದಿನಗಳ ನಿಶ್ಚೇತನ ನಿದ್ರೆಯಿಂದ ಅವಳು ಕಣ್ತೆರೆದಾಗ ಬಲಗೈ ಸೋತುಹೋಗಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು... ಆಹಾ, ಮನೆಯೆಲ್ಲ ಮೊಳಗುತ್ತಿದ್ದ ಆ ಮಾತು ಹೇಳಹೆಸರಿಲ್ಲದೆ ಅಡಗಿಹೋಗಿತ್ತು! ವಿಧಿಯ ಕ್ರೌರ್ಯ ಎಷ್ಟು ಚೊಕ್ಕಟವೆಂದರೆ, ಅರಿವನ್ನು ಮಾತ್ರ ಅದು ಮುಟ್ಟಲಿಲ್ಲ. ಆಡಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ತಿರುಗಿ ಒಂದು ಮಾತೂ ಆಡಲಾಗುತ್ತಿರಲಿಲ್ಲ.

ಸೋತ ಅಂಗಗಳಿಗೆ ಮತ್ತೆ ಕೆಲಸ ಕಲಿಸುವ ನಜ್ಮುನ್ನೀಸಾ ಎಂಬ ತರುಣಿ, ಮೊದಲ ಭೇಟಿಯಲ್ಲೇ ಕೇಳಿದ್ದಳು: "ಪದ್ಮಶ್ರೀ ಯಾವ ಕೈಲಿ ಬರೀತಿದ್ಲು ಅಮ್ಮಾ?"

"ಬಲಗೈಲಿ, ಮೇಡಂ."

"ಹುಟ್ಟಿನಿಂದ್ಲೂ? ಸರಿಯಾಗಿ ನೆನಪಿಸ್ಕೊಂಡು ಹೇಳಿ. ಹುಟ್ಟಾ ಎಡಗೈಯವಳಾಗಿದ್ರೆ ನಾವು ಹಿಡಿಯೋ ದಾರೀನೇ ಬೇರೆ. ಆ ಕೈಗೇ ಬರಿಯೋದು, ಉಣ್ಣೋದು ಕಲಿಸ್ತೀವಿ. ಕಟ್ಟಲ್ಲ."

ಪಕ್ಕದಲ್ಲಿ ಅತ್ತೆ ವರಲಕ್ಷ್ಮಮ್ಮ ಸೆರಗು ಸರಿಪಡಿಸಿಕೊಳ್ಳುತ್ತ ಸೂರು ನೋಡಿದರು. ಕಲಾವತಿ ಹೇಳಿದಳು: "ಹುಟ್ಟಿನಿಂದ್ಲೂ ಬಲಗೈಯೇ."

ಸುಳ್ಳು! ಅಪ್ಪಟ ಸುಳ್ಳು! ಮೂರು ವರ್ಷದ ಪದ್ಮಶ್ರೀ ತಟ್ಟೆಗೆ ಚಾಚುತ್ತಿದ್ದುದು ಎಡಗೈ, ಬಳಪ ಹಿಡಿಯುತ್ತಿದ್ದುದು ಎಡಗೈ, ದೇವರ ಪ್ರಸಾದಕ್ಕೆ ಮುಂದೊಡ್ಡುತ್ತಿದ್ದುದೂ ಎಡಗೈಯೇ. "ಎಡಗೈಲಿ ಉಣ್ಣೋ ಎಣ್ಮಗೂನ ಯಾರ್ ಮನೇಗೆ ಕೊಡ್ತೀಯೇ?" ಎಂದು ಅತ್ತೆ ದಿನಬೆಳಗಾದರೆ ಚುಚ್ಚುತ್ತಿದ್ದರು. ಉಳಿದ ತಾಯಂದಿರು ಬೈಯುತ್ತಾರೆ, ಹೆಚ್ಚೆಂದರೆ ಒಂದೇಟು ಹಾಕುತ್ತಾರೆ. ಕಲಾವತಿ ಹೊಲಿಗೆಯವಳಲ್ಲವೇ! ಮಗುವಿನ ಮೂರೂ ಫ್ರಾಕುಗಳಿಗೆ ಉದ್ದತೋಳು ಇಟ್ಟು, ಎಡತೋಳಿನ ಬಾಯನ್ನು ಎರಡು ಸುತ್ತು ಹೊಲಿಗೆ ಹಾಕಿ ಮುಚ್ಚಿಬಿಟ್ಟಳು. ಆಷಾಢದಿಂದ ದಸರೆಯವರೆಗೆ ಆ ಪುಟ್ಟ ಕೈ ಬಟ್ಟೆಯ ಕತ್ತಲೆಯಲ್ಲೇ ಇತ್ತು. ಆಮೇಲೆ ಬಲಗೈ ಕಲಿಯಿತು. ಕಲಿತು, ಶಾಲೆಯಲ್ಲಿ ದುಂಡು ಬರವಣಿಗೆಗೆ ಬಹುಮಾನವನ್ನೂ ತಂದಿತು. "ನಾನು ತಿದ್ದಿದ್ದು," ಎಂದು ಕಲಾವತಿ ಬೀಗಿದ್ದೇ ಬೀಗಿದ್ದು. ಆ ಕಥೆ ಮನೆಯಲ್ಲೊಂದು ತಮಾಷೆಯಾಗಿ, ಬಂದವರ ಮುಂದೆಲ್ಲ ಹೇಳಿ ನಗುವಂತಾಗಿ, ಪದ್ಮಶ್ರೀಯೂ ಅದಕ್ಕೆ ಎಷ್ಟೋ ಸಲ ನಕ್ಕಿದ್ದಳು.

ನಜ್ಮುನ್ನೀಸಾ ಕೊನೆಗೆ ಸೂಚಿಸಿದ್ದು ಇಷ್ಟೇ: "ಚೆನ್ನಾಗಿರೋ ಕೈನ ದಿನಕ್ಕೆ ಮೂರು ಗಂಟೆ ಕಟ್ಟಿಡಿ. ಆಗ ಸೋತ ಕೈಗೆ ಬೇರೆ ದಾರಿ ಇಲ್ದೆ ಅದೇ ಕೆಲಸ ಮಾಡತ್ತೆ. ಮೂರೇ ವಾರ. ಊಟದ ಹೊತ್ತಲ್ಲಿ ಮಾತ್ರ ಬಿಚ್ಬಿಡಿ ಅಮ್ಮಾ, ಮಗು ಹಸ್ಕೊಂಡಿರ್ಬಾರ್ದು."

ಮೂರು ಗಂಟೆಯೇ? ಕಲಾವತಿಯ ಹಟ ನಿಮಗೆ ಗೊತ್ತಿಲ್ಲ! ಪೆಟ್ಟು ಬಿದ್ದ ಆರು ತಿಂಗಳೊಳಗೆ ಮರಳಿದ್ದಷ್ಟೇ ಮರಳಿದ್ದು, ಆಮೇಲೆ ಕಷ್ಟ ಎಂದು ಆಸ್ಪತ್ರೆಯಲ್ಲಿ ಯಾರೋ ಅಂದದ್ದು ಅವಳ ಕಿವಿಯಲ್ಲಿ ಕೂತುಬಿಟ್ಟಿತ್ತು. ಬೆಳಗಿನಿಂದ ದೀಪ ಹಚ್ಚುವವರೆಗೂ ಗವಸು. ತಿಂಡಿಗೂ ಗವಸು, ಊಟಕ್ಕೂ ಗವಸು. ಹದಿನೈದು ದಿನಕ್ಕೊಮ್ಮೆ ಚಿಕಿತ್ಸೆಗೆ ಹೋಗುವಾಗ ಮಾತ್ರ ಆಸ್ಪತ್ರೆಯ ಗೇಟಿನ ಹತ್ತಿರ ಅದನ್ನು ಬಿಚ್ಚಿ ಬ್ಯಾಗಿಗೆ ತುರುಕುತ್ತಿದ್ದಳು. ಮಗಳ ಮುಂದೆ ರಾಗಿಮುದ್ದೆಯ ತಟ್ಟೆಯಿಟ್ಟು, ಎದುರಿಗೆ ಕುಳಿತು, ಕಣ್ಣಲ್ಲಿ ಕಣ್ಣಿಟ್ಟು ಕಾಯುವಳು. ಬಲಗೈಯ ಮಡಚಿದ ಬೆರಳುಗಳು ಮುದ್ದೆಯನ್ನು ತಟ್ಟೆಯಂಚಿಗೆ ತಳ್ಳುತ್ತಿದ್ದವು, ಅಷ್ಟೆ, ಎತ್ತಲಾರವು. ಒಮ್ಮೆ ಹಸಿವು ತಾಳದೆ ಪದ್ಮಶ್ರೀ ತಲೆಬಾಗಿಸಿ ತಟ್ಟೆಗೇ ಬಾಯಿ ಹಾಕಿದಳು. ಕಲಾವತಿ ತಟ್ಟೆಯನ್ನು ಸರಕ್ಕನೆ ಎಳೆದುಕೊಂಡಳು. "ಕೈಯಲ್ಲಿ!" ಎಂದಳು.

ಅಯ್ಯೋ, ಆಕೆಯನ್ನು ರಾಕ್ಷಸಿ ಎನ್ನಲು ಆತುರಪಡಬೇಡಿ. ಒಳಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅವಳು ಅತ್ತ ಅಳುವಿಗೆ ಲೆಕ್ಕವಿರಲಿಲ್ಲ. ಬಲಗೈ ಮರಳಿಬಂದರೆ ತನ್ನ ಸುಳ್ಳು ನಿಜವಾಗುತ್ತದೆ, ಹದಿಮೂರು ವರ್ಷದ ಹಿಂದಿನ ಪಾಪವೂ ಪುಣ್ಯವಾಗಿಯೇ ಉಳಿಯುತ್ತದೆ... ಅವಳ ಪ್ರೀತಿಯೊಳಗೆ ಈ ಭಯ ಸೇರಿಹೋಗಿತ್ತು. ಯಾವುದು ಎಷ್ಟೆಂದು ಅವಳಿಗೂ ತಿಳಿಯದು.

ವಿಚಿತ್ರ ನೋಡಿ, ಮೊದಲು ಕರಗಿದ್ದು ಅತ್ತೆಯೇ. "ಅಲ್ಲ ಕಣಮ್ಮ, ಮಗ ಇಂಗೆ ಒಟ್ಟೆ ಅಸ್ಕೊಂಡು ಕುಂತೈತೆ. ದಮ್ಮಯ್ಯ, ಬಿಚ್ಚೇ."

"ಅವತ್ತು ಚುಚ್ಚಿ ಚುಚ್ಚಿ ಹೊಲಿಸಿದ್ದು ಯಾರತ್ತೆ?" ಎಂದಳು ಕಲಾವತಿ, ತಲೆಯೆತ್ತದೆ. ಮುದುಕಿ ಎದ್ದು ಹಿತ್ತಿಲಿಗೆ ಹೋದರು. ಆ ದಿನ ಅವರೂ ಉಣ್ಣಲಿಲ್ಲ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಮತ್ತೆ ಭೇಟಿ. ನಜ್ಮುನ್ನೀಸಾ ಮೇಜಿನ ಮೇಲೆ ಬಣ್ಣದ ಮಣಿಗಳನ್ನು ಸುರಿದಳು. ಬಲಗೈ ಒಂದು ಮಣಿಯನ್ನೂ ಹಿಡಿಯಲಿಲ್ಲ. ಆದರೆ ಬಿಡುಗಡೆಗೊಂಡ ಎಡಗೈ, ಯಾರೂ ಕೇಳದೆಯೇ, ಮಣಿಗಳನ್ನು ಆರಿಸಿ ಸರಸರನೆ ಒಂದು ಹೂವಿನಾಕೃತಿ ಜೋಡಿಸಿಬಿಟ್ಟಿತು! ಅದೆಂಥ ಲಾಲಿತ್ಯ, ಅದೆಂಥ ಹಸ್ತಲಾಘವ! ನಜ್ಮುನ್ನೀಸಾಳ ಹುಬ್ಬು ಗಂಟಾಯಿತು.

"ಕಲಾವತಿಯವ್ರೇ, ಇನ್ನೊಂದ್ಸಲ ಕೇಳ್ತೀನಿ. ಇವ್ಳು ಚಿಕ್ಕವಳಿದ್ದಾಗ ಎಡಗೈಯವಳಾ?"

"ಇಲ್ಲ ಮೇಡಂ."

ಪದ್ಮಶ್ರೀ ತಲೆಯೆತ್ತಿ ತಾಯಿಯ ಮುಖವನ್ನೇ ನೋಡಿದಳು. ಕಲಾವತಿ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು.

ಅಂದು ಮಧ್ಯಾಹ್ನ ಮನೆಯಲ್ಲಿ ಮತ್ತೆ ಗವಸು, ಮತ್ತೆ ಲಾಡಿ, ಮತ್ತೆ ತಟ್ಟೆ. ಪದ್ಮಶ್ರೀಯ ತುಟಿಗಳು ಅಲುಗಿದವು. ಕುತ್ತಿಗೆಯ ನರ ಉಬ್ಬಿತು. ಐದು ತಿಂಗಳ ಮೌನದ ತಳದಿಂದ ಮೇಲೆದ್ದುಬಂದು ಒಂದು ಶಬ್ದ ಬಿಸಿಲಿಗೆ ಬಿತ್ತು.

"ಬಿಚ್ಚು."

ಕಲಾವತಿಯ ಕೈಯಿಂದ ನೀರಿನ ಲೋಟ ಜಾರಿತು. ಮಾತು ಬಂತು! ಮಗಳಿಗೆ ಮಾತು ಬಂತು! "ಅತ್ತೇ, ಬನ್ನೀ! ಪದ್ಮಾ ಮಾತಾಡಿದ್ಲು!" ಎಂದು ಕೂಗುತ್ತ, ಮಗಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು, "ಇನ್ನೊಂದ್ಸಲ ಹೇಳು ಕಂದಾ, ಇನ್ನೊಂದ್ಸಲ!" ಎಂದಳು.

"ಬಿಚ್ಚು."

ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವ ಗಂಡ ಮಹೇಂದ್ರನಿಗೆ ಫೋನು ಹೋಯಿತು. ಅವನು ಚಿಕ್ಕಜಾಲದ ಹತ್ತಿರ ಗಾಡಿ ಬದಿಗೆ ಹಾಕಿ ನಿಂತ. "ಅಪ್ಪಂಗೆ ಹೇಳು ಪುಟ್ಟೀ," ಎಂದು ತಾಯಿ ಫೋನನ್ನು ಮಗಳ ಬಾಯಿಗೆ ಹಿಡಿದಳು. ಬಿಚ್ಚು, ಎಂದಳು ಪದ್ಮಶ್ರೀ. ಅಪ್ಪ ಗೊಳೋ ಎಂದು ಅತ್ತ. ಬ್ಲೌಸಿಗೆಂದು ಬಂದಿದ್ದ ಎದುರು ಮನೆಯ ಖುರ್ಷೀದ್‌ಗೂ ಹೇಳಿಸಿದ್ದಾಯಿತು. ಆಕೆ ಸಂತೋಷದಿಂದ ಮಗುವಿನ ಹಣೆಗೆ ಮುತ್ತಿಟ್ಟು, ಸಕ್ಕರೆ ತರುತ್ತೇನೆಂದು ಓಡಿದಳು. ಬಿಚ್ಚು, ಬಿಚ್ಚು, ಬಿಚ್ಚು... ಓದುವ ಮಹನೀಯರೇ, ಏಳು ಸಲ! ಆ ಸಡಗರದಲ್ಲಿ ಒಬ್ಬರಾದರೂ ಲಾಡಿಗೆ ಕೈ ಹಾಕಿದರೇ?

ವರಲಕ್ಷ್ಮಮ್ಮನೊಬ್ಬರೇ ಅಂದರು: "ಅಲ್ವೇ, ಬಿಚ್ಚು ಅಂತೈತಲ್ಲೇ ಮಗ! ಬಿಚ್ಚೇ!"

"ಸುಮ್ನಿರಿ ಅತ್ತೆ! ಕಟ್ಟಿದ್ದಕ್ಕೇ ಮಾತು ಬಂದಿದ್ದು. ಈಗ ಬಿಚ್ಬಿಟ್ರೆ ನಿಂತೋಗ್ಬಿಡತ್ತೆ," ಎಂದಳು ಕಲಾವತಿ. ಅವಳ ಕಣ್ಣಲ್ಲಿ ಆನಂದಬಾಷ್ಪವಿತ್ತು. ಹಾಗೆನ್ನುತ್ತಲೇ, ಸಡಿಲವಾಗಿದ್ದ ಲಾಡಿಯನ್ನು ಇನ್ನೊಂದಿಷ್ಟು ಬಿಗಿದಳು.

ಎಂಟನೆಯ ಸಲ ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಮರುದಿನ ತುಟಿಯೂ ಅಲುಗಲಿಲ್ಲ. ಮುದ್ದು ಮಾಡಿದರು, ಗದರಿದರು, ಕೈಮುಗಿದು ಬೇಡಿದರು. ಪದ್ಮಶ್ರೀ ಕಿಟಕಿಯಾಚೆ ಸುತ್ತುವ ಪುಟ್ಟ ವಿಮಾನವನ್ನು ನೋಡುತ್ತ ಕುಳಿತಳು. ಒಂಬತ್ತು ದಿನ ಹೀಗೆಯೇ ಹೋಯಿತು.

ಹತ್ತನೆಯ ದಿನ ಬೆಳಗ್ಗೆ, ಮಗಳ ಕೈಗೆ ಗವಸು ತೊಡಿಸಿ, ಏನನ್ನೂ ತಿನ್ನದೆ ಮೆಷಿನ್ನಿನ ಮುಂದೆ ಕುಳಿತ ಕಲಾವತಿ ಯಾರದೋ ಬ್ಲೌಸಿನ ತೋಳು ಮುಗಿಸುತ್ತಿದ್ದಳು. ಮನಸ್ಸು ಎಲ್ಲೋ, ಕಾಲು ಪೆಡಲಿನ ಮೇಲೆ. ದಾರ ಕತ್ತರಿಸಿ, ಬಟ್ಟೆ ಕೊಡವಿ ನೋಡಿದರೆ... ಎಡತೋಳಿನ ಬಾಯಿ ಮುಚ್ಚಿಹೋಗಿತ್ತು! ಎರಡು ಸುತ್ತು, ನೇರ, ಒಂದು ನೂಲು ಆಚೀಚೆ ಇಲ್ಲ. ಆ ಕೆಲಸವನ್ನು ಅವಳ ಕೈ ಹದಿಮೂರು ವರ್ಷ ಮರೆಯದೆ ಕಾದಿಟ್ಟುಕೊಂಡಿತ್ತು. ಎದ್ದು ಟ್ರಂಕು ತೆರೆದಳು. ಅಡಿಯಲ್ಲಿ, ಏಕೆ ಉಳಿಸಿಕೊಂಡಿದ್ದಳೋ ಅವಳಿಗೇ ತಿಳಿಯದ, ನೀಲಿ ಚುಕ್ಕೆಗಳ ಹಳದಿ ಫ್ರಾಕು ಇತ್ತು. ಹೊಲಿದ ತೋಳಿನ ತುದಿಯಲ್ಲಿ, ಒಳಗಿನಿಂದ ಕಚ್ಚಿ ಕಚ್ಚಿ ಬಟ್ಟೆ ಜೂಲಾಗಿತ್ತು.

ಅಲ್ಲೇ ಕುಸಿದು ಕುಳಿತು ಅವಳು ನಜ್ಮುನ್ನೀಸಾಗೆ ಫೋನು ಮಾಡಿದಳು. ಎಲ್ಲವನ್ನೂ ಹೇಳಿದಳು: ಫ್ರಾಕು, ಸುಳ್ಳು, ಊಟದ ಹೊತ್ತಿನ ಗವಸು, ಬಂದ ಮಾತು, ಹೋದ ಮಾತು.

"ಐದು ತಿಂಗಳು ಹೋಯ್ತಲ್ಲಮ್ಮಾ..."

"ಮಾತು ತಿರ್ಗಾ ಬರತ್ತಾ, ಮೇಡಂ?"

"ಗೊತ್ತಿಲ್ಲ. ಮೊದ್ಲು ಆ ಕೈ ಬಿಚ್ಚಿ."

ಕಲಾವತಿ ಪಡಸಾಲೆಗೆ ಬಂದು ಮಗಳ ಮುಂದೆ ಕುಳಿತು ಲಾಡಿ ಎಳೆದಳು. ಗವಸು ಕಳಚಿತು. ಬೆವರಿಗೆ ಬೆಂದು ಬಿಳಚಿದ್ದ ಆ ಕೈಯ ಪಕ್ಕದಲ್ಲಿ ಹಳದಿ ಫ್ರಾಕನ್ನು ಇಟ್ಟು, "ನಾನೇ ಹೊಲಿದಿದ್ದು ಕಂದಾ. ಎರಡು ಸಲ," ಎಂದಳು. ಬಿಸಿ ಮುದ್ದೆಯ ತಟ್ಟೆ ತಂದಿಟ್ಟಳು. "ಉಣ್ಣು, ನಿನ್ನ ಕೈಲಿ ಉಣ್ಣು."

ಪದ್ಮಶ್ರೀ ತಟ್ಟೆ ಮುಟ್ಟಲಿಲ್ಲ. ಬಿಡುಗಡೆಗೊಂಡ ಎಡಗೈಯಿಂದ ಗವಸನ್ನೆತ್ತಿಕೊಂಡಳು. ತಾಯಿಯ ಬಲಗೈಯನ್ನು ಎಳೆದು ಅದರೊಳಗೆ ತೂರಿಸಿದಳು. ಲಾಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಲ್ಲಿ ಹಿಡಿದು, ಬಿಗಿದಳು. ಆಮೇಲೆ ತಟ್ಟೆಯನ್ನು ತಾಯಿಯ ಮುಂದಕ್ಕೆ ತಳ್ಳಿದಳು.

ಕಲಾವತಿ ಎಡಗೈ ಚಾಚಿದಳು. ಮುದ್ದೆ ಬೆರಳುಗಳಿಗೆ ಮೆತ್ತಿತೇ ಹೊರತು ಮುರಿಯಲಿಲ್ಲ. ಮುರಿದದ್ದು ಸಾರಿಗೆ ಜಾರಿ ಬಿತ್ತು. ಎತ್ತಿದ್ದು ಬಾಯಿಗೆ ಸಿಗದೆ ಗಲ್ಲಕ್ಕೆ ಬಳಿದು ಸೀರೆಯ ಮೇಲೆ ಉದುರಿತು. ಸಾರು ಮೊಣಕೈವರೆಗೆ ಹರಿಯಿತು. ಹೊಟ್ಟೆ ಚುರುಗುಟ್ಟುತ್ತಿತ್ತು, ಬಾಗಿಲಲ್ಲಿ ಅತ್ತೆ ನಿಂತು ನೋಡುತ್ತಿದ್ದರು, ಎದುರಿಗೆ ಮಗಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಗುವಿರಲಿಲ್ಲ. ಐದು ತುತ್ತಿಗೆ ಕಲಾವತಿ ಸೋತಳು.

"ಬಿಚ್ಚು, ಪದ್ಮಾ..."

ಆ ಕ್ಷಣವೇ ಮಗಳು ಬಾಗಿ, ಲಾಡಿಯ ತುದಿಯನ್ನು ಹಲ್ಲಲ್ಲಿ ಹಿಡಿದು, ಸರಕ್ಕನೆ ಎಳೆದು, ಬಿಚ್ಚಿಬಿಟ್ಟಳು. ಒಂದೇ ಸಲ ಕೇಳಿದ್ದಕ್ಕೆ ಬಿಚ್ಚಿಬಿಟ್ಟಳು! ಆಗ ಕಲಾವತಿಯ ಬಾಯಿಂದ ಹೊರಟ ಆ ಆರ್ತನಾದ... ಅದನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲ. ಪದ್ಮಶ್ರೀ ತಾಯಿಯ ಮುಂದಿನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ಎಡಗೈಯಿಂದ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಗಬಗಬನೆ ಉಣ್ಣತೊಡಗಿದಳು.

ಮಾತು ಮರಳಿತೇ ಎಂದು ಕೇಳಬೇಡಿ, ಸಹೃದಯರೇ. ನಾನು ಇದನ್ನು ಹೇಳುವ ಹೊತ್ತಿಗಂತೂ ಮರಳಿಲ್ಲ. ಹೊಂಗೆ ಹೂವು ಮುಗಿದು ಎಲೆಗಳು ದಟ್ಟವಾಗಿವೆ, ಕೆರೆಯ ಮೇಲೆ ವಿಮಾನ ಸುತ್ತುತ್ತಲೇ ಇದೆ. ಮಮತೆಯೆಂಬುದು ಮಹತ್ತಾದುದು, ಆದರೆ ಅದಕ್ಕೆ ಕಿವಿಯಿರುವುದಿಲ್ಲ! ತಾನು ಮಾಡುವ ಒಳಿತಿನ ಸಂಭ್ರಮದಲ್ಲಿ ಮುಳುಗಿರುವಾಗ, ಎದುರಿಗಿರುವ ಜೀವ ಕೇಳುತ್ತಿರುವ ಒಂದೇ ಒಂದು ಮಾತು ಅದಕ್ಕೆ ಕೇಳಿಸುವುದಿಲ್ಲ. ಕ್ಷಮೆಯೂ ಹಾಗೆಯೇ, ನಾವು ಬಯಸಿದ ರೂಪದಲ್ಲಿ ಬರುವುದಿಲ್ಲ... ಕೆಲವೊಮ್ಮೆ ಅದು, ನಾವು ಏಳು ಸಲಕ್ಕೂ ಕೊಡದೆ ಉಳಿದದ್ದನ್ನು ನಮಗೆ ಮೊದಲ ಸಲಕ್ಕೇ ಕೊಟ್ಟು, ತಟ್ಟೆಯನ್ನು ಎಳೆದುಕೊಂಡು, ತಲೆಬಗ್ಗಿಸಿ ಉಣ್ಣುತ್ತ ಕುಳಿತಿರುತ್ತದೆ.