ಕುದುರೆಗೆ ಹೆಸರಿದ್ದ ಪುಟ

ನಾನು ಒಂದು ಚರಿತ್ರೆಯ ಪುಸ್ತಕ. ಲಂಡನ್ನಿನ ಒಂದು ಅಚ್ಚುಕೂಟದಲ್ಲಿ ಹುಟ್ಟಿದೆ. ಕೆಂಪು ಚರ್ಮದ ರಟ್ಟು, ಅಂಚಿಗೆ ಬಂಗಾರದ ಬಣ್ಣ. ನನ್ನನ್ನು ಬರೆದವನು ಹಿಂದೂಸ್ತಾನದ ದಂಡಿನಲ್ಲಿದ್ದು ಪಿಂಚಣಿ ಪಡೆದ ಸಾಹೇಬ. ಬ್ರಿಟಿಷ್ ಸಾಮ್ರಾಜ್ಯ ಗೆದ್ದ ಕಥೆಯಿಂದ ಆರುನೂರು ಪುಟ ತುಂಬಿಸಿದ. ಅದನ್ನೆಲ್ಲ ನಾನು ನಂಬಿದೆ. ನನಗೆ ಬೇರೆ ಏನು ಗೊತ್ತಿತ್ತು?

ಹಡಗು ಹತ್ತಿ ಬೆಳಗಾವಿಯ ಜಡ್ಜ್ ಸಾಹೇಬನೊಬ್ಬನ ಬಂಗಲೆಗೆ ಬಂದೆ. ಅವನು ನನ್ನನ್ನು ಓದಲಿಲ್ಲ, ಊಟಕ್ಕೆ ಬಂದವರಿಗೆ ತೋರಿಸಿದ. ಸಾಹೇಬರು ದೇಶ ಬಿಟ್ಟಾಗ ನನ್ನನ್ನೂ ಬಿಟ್ಟು ಹೋದರು. ಧಾರವಾಡದ ಕಾಲೇಜೊಂದರ ಗ್ರಂಥಾಲಯ ಸೇರಿದೆ.

ಅಲ್ಲಿಗೆ ಒಂದು ದಿನ ಹುಲಿಗಡ್ಡಿ ಊರಿನ ಶಾಲೆಯ ದುರಗಪ್ಪ ಮಾಸ್ತರರು ಮುಪ್ಪಾದ ತಾಯಿ ಸಕ್ರೆವ್ವನನ್ನು ಕರೆದುಕೊಂಡು ಬಂದರು. ಆಯುಧ ಒಪ್ಪಿಸಿ ಎಂದ ಕಂಪನಿ ಸರಕಾರಕ್ಕೆ ಆಗುವುದಿಲ್ಲ ಎಂದು ಎದುರು ನಿಂತವನು ಆಕೆಯ ಮುತ್ಯಾ, ಅಂದರೆ ಅಜ್ಜ. ಅವನನ್ನು ಗಲ್ಲಿಗೇರಿಸಿದರು. ಇಡೀ ಕುಲಕ್ಕೇ ಕಳ್ಳರೆಂಬ ಹೆಸರು ಅಂಟಿತು. ಸಕ್ರೆವ್ವನ ಗಂಡ, ಅದೇ ಕುಲದವನೆಂಬ ಕಾರಣಕ್ಕೆ, ದಿನವೂ ಪೊಲೀಸ್ ಠಾಣೆಗೆ ಹಾಜರಿ ಹಾಕುತ್ತಲೇ ಸತ್ತ.

ಮಾಸ್ತರರು ನನ್ನ ಪುಟಗಳನ್ನು ಹೊರಳಿಸಿದರು. ಒಂದು ಕಡೆ ಬೆರಳು ನಿಂತಿತು.

"ಏನ್ ಬರದಾನಪಾ? ಓದು."

"ಹುಲಿಗಡ್ಡಿಯೊಳಗ ಹತ್ತೊಂಬತ್ತು ಕಳ್ಳರನ್ನ ಗಲ್ಲಿಗೇರಿಸಿದ್ವಿ ಅಂತ ಐತೆವ್ವಾ."

"ಮುತ್ಯಾನ ಹೆಸರು?"

"ಯಾರ ಹೆಸರೂ ಇಲ್ಲ. ಸಾಹೇಬನ ಕುದುರಿ ಸತ್ತಿತ್ತಂತ. ಅದರ ಹೆಸರು ಐತಿ."

ಸಕ್ರೆವ್ವ ಆ ಪುಟದ ಮೇಲೆ ಒಮ್ಮೆ ಕೈಯಾಡಿಸಿದಳು. ಏಳುವಾಗ, "ಹಂಗಾರ ನೀ ಬರಿ," ಎಂದಳು.

ಒಂಬತ್ತು ವರ್ಷ ಮಾಸ್ತರರು ಊರೂರು ಅಲೆದರು. ಹಿರಿಯರ ಬಾಯಿಂದ ಹತ್ತೊಂಬತ್ತು ಹೆಸರುಗಳನ್ನೂ ಹೊರತೆಗೆದು ಪುಸ್ತಕ ಬರೆದರು. ಅದನ್ನು ಅಚ್ಚು ಹಾಕಿಸಬಹುದಾಗಿದ್ದ ಅದೇ ಕಾಲೇಜಿನ ಪ್ರೊಫೆಸರರು ನನ್ನನ್ನು ತರಿಸಿ ಮೇಜಿನ ಮೇಲೆ ಬಿಚ್ಚಿದರು.

"ನೀವು ಬರದದ್ದಕ್ಕ ಆಧಾರ ಏನದ, ಮಾಸ್ತರ?"

"ನಮ್ಮ ಹಿರ್ಯಾರು ಹೇಳ್ಯಾರ್ರೀ."

"ಹೇಳಿದ್ದು ಆಧಾರ ಆಗೂದಿಲ್ಲ. ಇದು ಅಚ್ಚಾಗಿದ್ದು. ಕಳ್ಳರು ಅಂತ ಸ್ಪಷ್ಟ ಬರದಾನ, ನೋಡ್ರಿ."

ಬ್ರಿಟಿಷರು ಹೋಗಿ ಇಪ್ಪತ್ತೈದು ವರ್ಷವಾಗಿತ್ತು. ಅವರ ಪರವಾಗಿ ಸಾಕ್ಷಿ ಹೇಳಲು ನಾನಿದ್ದೆ. ಮಾಸ್ತರರು ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

ಸಕ್ರೆವ್ವ ತೀರಿದ ಮೇಲೆ ಅವರು ಇನ್ನೊಮ್ಮೆ ಬಂದರು. ತಲೆಗೂದಲು ಪೂರ್ತಿ ನರೆತಿತ್ತು. ಪೆನ್ಸಿಲ್ ತೆಗೆದು ಆ ಪುಟದ ಅಂಚಿನಲ್ಲಿ ಹತ್ತೊಂಬತ್ತು ಹೆಸರುಗಳನ್ನು ಒಂದೊಂದಾಗಿ ಬರೆದರು. ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಹಗುರವೆನಿಸಿತು.

ಗ್ರಂಥಪಾಲಕರು ನೋಡಿಬಿಟ್ಟರು. "ಇಂಥಾ ಅಪರೂಪದ ಪುಸ್ತಕ ಹೊಲಸು ಮಾಡೀರಲ್ರೀ! ನಾಚಿಕಿ ಇಲ್ಲೇನು?" ಎಂದು ಎಲ್ಲರ ಎದುರು ಗದರಿದರು. ಅಲ್ಲೇ ರಬ್ಬರಿನಿಂದ ಉಜ್ಜಿದರು. ಮಾಸ್ತರರು ಕೊನೆಯ ಹೆಸರು ಅಳಿಯುವವರೆಗೂ ನಿಂತು ನೋಡಿದರು. ಮತ್ತೆ ಬರಲಿಲ್ಲ. ಅವರ ಪುಸ್ತಕ ಅಚ್ಚಾಗಲೂ ಇಲ್ಲ.

ಈಗ ನನಗೆ ವಯಸ್ಸಾಗಿದೆ. ಗಾಜಿನ ಕಪಾಟಿನಲ್ಲಿ ಕೂರಿಸಿದ್ದಾರೆ. ಬಂದವರು ನನ್ನ ಚರ್ಮದ ರಟ್ಟನ್ನು ಹೊಗಳುತ್ತಾರೆ. ಗೆದ್ದಲು ಹತ್ತಲಿ, ಆ ಪುಟದಿಂದಲೇ ತಿನ್ನಲು ಶುರು ಮಾಡಲಿ ಎಂದು ಹಂಬಲಿಸುತ್ತೇನೆ. ಆದರೆ ವರ್ಷಕ್ಕೆರಡು ಸಲ, ತಪ್ಪದೆ, ನನಗೆ ಔಷಧಿ ಹೊಡೆಯುತ್ತಾರೆ.