ಸಾರಿನವರ ಅವಸರ

ನೀಲಿ ಬೆಳಕು ಈ ಸಲವೂ ನೂರು ಗಂಟೆಯೊಳಗೇ ಮಂಕಾಯಿತು. ಅಮೆರಿಕದ ಲೈಲ್ ಊರಿನ ಲ್ಯಾಬಿನಲ್ಲಿ ಕಾರಿನ ಡಿಸ್‌ಪ್ಲೇ ಪರದೆಗಳಿಗೆ ಬೆಳಕು ಬೀರುವ ಓಎಲ್‌ಇಡಿ ಪದರ ತಯಾರಿಸುವ ಸುಹಾಸಿನಿಗೆ ಇದು ಏಳನೆಯ ಸೋಲು. ಆಬರ್ನ್ ಹಿಲ್ಸ್‌ನ ಗಿರಾಕಿ ಕಾರು ಕಂಪನಿಗೆ ಎರಡು ತಿಂಗಳಲ್ಲಿ, ಐನೂರು ಗಂಟೆ ಉರಿಯುವ ಸ್ಯಾಂಪಲ್ ಕೊಡದಿದ್ದರೆ ಪ್ರಾಜೆಕ್ಟ್ ಬಂದ್. ಅವಳಿಗೇನೋ ಬೇರೆ ಟೀಮ್ ಸಿಕ್ಕೀತು. ಅವಳ ಕೈಕೆಳಗಿನ ಒವೈಸ್‌ಗೆ ಕೆಲಸ ಹೋದರೆ ವೀಸಾ ಕೂಡ ಹೋದಂತೆ. ಹೆಂಡತಿ ಲುಬ್ನಾಳನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಅರವತ್ತು ದಿನಗಳಲ್ಲಿ ಗಂಟುಮೂಟೆ ಕಟ್ಟಬೇಕು.

ಇಂಥ ಪರದೆಯಲ್ಲಿ ಒಂದು ಕಡೆಯಿಂದ ಎಲೆಕ್ಟ್ರಾನ್‌ಗಳು, ಇನ್ನೊಂದು ಕಡೆಯಿಂದ ‘ಹೋಲ್’ ಎಂಬ ಖಾಲಿ ಜಾಗಗಳು ಬರುತ್ತವೆ. ನಡುವಿನ ಪದರದಲ್ಲಿ ಎರಡೂ ಸೇರಿದರೆ ಬೆಳಕು. ಅವನ್ನು ಸಾಗಿಸುವ ಪದರಗಳು ಎಷ್ಟು ಚುರುಕೋ ಅಷ್ಟು ಒಳ್ಳೆಯದೆಂದು ಸುಹಾಸಿನಿ ನಂಬಿದ್ದಳು. ಮಾರ್ಚ್‌ನಲ್ಲಿ ಆ ಪದರಕ್ಕೆಂದು ಒವೈಸ್ ಮಾಡಿ ತಂದ ಪುಡಿ ಹೋಲ್‌ಗಳನ್ನು ತೀರಾ ನಿಧಾನವಾಗಿ ಸಾಗಿಸಿದಾಗ, “ಬಿಸಾಕು” ಎಂದುಬಿಟ್ಟಿದ್ದಳು. ಎರಡನೇ ಸಲ ನೋಡುವ ತಾಳ್ಮೆ ಮಹಾರಾಯ್ತಿಗೆ ಎಲ್ಲಿಯದು!

ಭಾನುವಾರ ಕನ್ನಡ ಕೂಟದ ಊಟ. ಇಂದುಮತಿ ಆಂಟಿ ಒಂದು ತುದಿಯಿಂದ ಅನ್ನ ಬಡಿಸುತ್ತಿದ್ದರು. ಬೇಗ ಮುಗಿಯಲೆಂದು ಅವರ ಗಂಡ ಜಗನ್ನಾಥ ಅಂಕಲ್ ಇನ್ನೊಂದು ತುದಿಯಿಂದ ಸಾರಿನ ಬಕೆಟ್ ಹಿಡಿದು ಓಡಿಬಂದರು. ಅನ್ನವಿಲ್ಲದ ಎಲೆಗೆ ಬಿದ್ದ ಸಾರು ಹರಿದು ಸುಹಾಸಿನಿಯ ಮಡಿಲಿಗಿಳಿಯಿತು.

“ರೀ, ಅನ್ನ ಬರೋ ಮುಂಚೆ ಸಾರು ಹಾಕ್ತೀರಲ್ಲ! ನನ್ ಕೈಲಿ ಇದಕ್ಕಿಂತ ಜೋರಾಗಿ ಆಗಲ್ಲ. ನೀವೇ ಸ್ವಲ್ಪ ನಿಧಾನ ಮಾಡಿ,” ಎಂದು ಆಂಟಿ ರೇಗಿದರು.

ಸುಹಾಸಿನಿ ಸೀರೆ ಒರೆಸಿಕೊಳ್ಳುವುದನ್ನೂ ಮರೆತು ಕುಳಿತಳು. ತನ್ನ ಹೋಲ್‌ಗಳೂ ಹೀಗೇ ಮುನ್ನುಗ್ಗಿ, ಎಲೆಕ್ಟ್ರಾನ್‌ಗಳನ್ನು ನಡುವಿನಲ್ಲಿ ಕಾಯದೆ ಅತ್ತಲಿನ ಅಂಚಿನಲ್ಲಿ ಸೇರಿ ಆ ಅಂಚನ್ನೇ ಸುಡುತ್ತಿದ್ದವು. ಬೇಕಾಗಿದ್ದದ್ದು ನಿಧಾನದ ಪುಡಿ. ಅದನ್ನು ಬಿಸಾಡಿಸಿದವಳು ತಾನೇ.

ಸೋಮವಾರ ಒವೈಸ್ ಎದುರು ನಿಂತು, “ನಂದೇ ತಪ್ಪು. ಆ ಪುಡಿ ಮತ್ತೆ ಮಾಡೋಕೆ ಎಷ್ಟು ದಿನ ಬೇಕು?” ಎಂದು ಕೇಳಿದಳು.

ವಿಜಯಪುರದ ಒವೈಸ್ ಡ್ರಾಯರ್ ಎಳೆದು ಶೀಶೆ ತೆಗೆದಿಟ್ಟ.

“ಬಿಸಾಕಿಲ್ವಾ?”

“ಬಿಸಾಕು ಅಂದ್ರಿ, ಹ್ಞೂಂ ಅಂದೆ. ಅಷ್ಟ ಮೇಡಂ.”

ಅವಳಿಗೆ ನಗು, ಅಳು ಒಟ್ಟಿಗೇ ಬಂದವು.

ಆ ಪುಡಿಯ ಪದರ ಹಾಕಿದ ಹೊಸ ಸ್ಯಾಂಪಲ್ ನೂರು ಗಂಟೆ ದಾಟಿತು, ಇನ್ನೂರು ದಾಟಿತು. ಇಪ್ಪತ್ತೊಂದನೆಯ ದಿನ ಐನೂರೂ ಆಯಿತು, ನೀಲಿ ಮಾಸಲಿಲ್ಲ. ಗಿರಾಕಿ ಒಪ್ಪಿಕೊಂಡ ಸುದ್ದಿ ಬಂದಾಗ ಒವೈಸ್ ಮನೆಗೆ ಫೋನ್ ಹಚ್ಚಿದ. ಲುಬ್ನಾ ಎತ್ತಿದಳು, ಇವನು ಫೋನನ್ನು ಮೇಡಂ ಕಡೆ ಚಾಚಿದ. ಸುಹಾಸಿನಿ ಫೋನ್ ಇಸಿದುಕೊಂಡಳು.

“ಲುಬ್ನಾ, ನಾನು ಸುಹಾಸಿನಿ. ನೀವು ಎಲ್ಲಿಗೂ ಹೋಗ್ಬೇಕಾಗಿಲ್ಲ.”