ಬ್ರೇಕಿನ ಮೇಲಿದ್ದ ಕಾಲು

ಬೇಗೂರಿನ ಲಾರಿ ಡ್ರೈವರ್ ಚಿಕ್ಕಮಾದುವಿನ ಬಲಗಾಲು ಸತ್ತು ಎರಡು ವರ್ಷವಾಗಿತ್ತು. ಈ ಸಂಗತಿ ಗೊತ್ತಿದ್ದದ್ದು ಅವನೊಬ್ಬನಿಗೇ. ಹೆಂಡತಿ ಸುಂದ್ರಮ್ಮನಿಗೂ ಹೇಳಿರಲಿಲ್ಲ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಶಿವಶಂಕರಪ್ಪನವರಿಗಂತೂ ಹೇಳುವ ಮಾತೇ ಇಲ್ಲ. ಲಾರಿ ಅವರದು. ಹೇಳಿದ್ದರೆ ಅವತ್ತೇ ಕೀ ಇಸಿದುಕೊಂಡು ಇನ್ನೊಬ್ಬನ ಕೈಗೆ ಕೊಡುತ್ತಿದ್ದರು.

ಸತ್ತಿತ್ತು ಅಂದರೆ ನೋಡುವವರ ಕಣ್ಣಿಗಲ್ಲ. ಕಾಲು ನಡೆಯುತ್ತಿತ್ತು, ಮೆಟ್ಟಿಲು ಹತ್ತುತ್ತಿತ್ತು, ಮದುವೆ ಮನೆಯಲ್ಲಿ ಮಡಚಿ ಕೂರುತ್ತಿತ್ತು. ಅಂಗಾಲಿನಲ್ಲಿ ಮಾತ್ರ ಏನೇನೂ ಗೊತ್ತಾಗುತ್ತಿರಲಿಲ್ಲ. ಮೊದಮೊದಲು ಇರುವೆ ಹರಿದ ಹಾಗೆ ಜುಮ್ಮೆನ್ನುತ್ತಿತ್ತು, ಮಲಗಿದರೆ ಉರಿಯುತ್ತಿತ್ತು. ಆಮೇಲೆ ಉರಿ ನಿಂತಿತು. ಮಹಾನುಭಾವ, ವಾಸಿಯಾಯಿತು ಅಂದುಕೊಂಡ! ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ನೆನಪಾದ ದಿನ ಮಾತ್ರೆ ನುಂಗುವುದು, ಮರೆತ ದಿನ ಮನೆದೇವರು ಮಾದಪ್ಪನ ಮೇಲೆ ಭಾರ ಹಾಕುವುದು, ಇದು ಅವನ ಔಷಧೋಪಚಾರ. ಒಂದು ದಿನ ಮಂಡಿಯಿಂದ ಮನೆಗೆ ಬಂದು ನೋಡಿಕೊಂಡರೆ ಬಲಗಾಲಿನಲ್ಲಿ ಚಪ್ಪಲಿಯೇ ಇರಲಿಲ್ಲ. ಎಲ್ಲಿ ಕಳಚಿ ಬಿತ್ತೋ, ಎಷ್ಟು ದೂರ ಬರಿಗಾಲಲ್ಲಿ ಬಂದನೋ, ಶಿವನೇ ಬಲ್ಲ. ಅವತ್ತು ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ಆ ಕಾಲನ್ನೇ ನೋಡಿದ. ಆಮೇಲೆ ಎದ್ದು ಹೊಸ ಚಪ್ಪಲಿ ತಂದ, ಅಷ್ಟೆ.

ಹಾಗಾದರೆ ಗಾಡಿ ಹೇಗೆ ಓಡಿಸುತ್ತಿದ್ದ ಅನ್ನುತ್ತೀರಾ? ಕಿವಿಯಿಂದ. ಆಕ್ಸಿಲರೇಟರ್ ಎಷ್ಟು ತುಳಿದೆ ಅನ್ನುವುದನ್ನು ಇಂಜಿನ್ನಿನ ದನಿ ಹೇಳುತ್ತಿತ್ತು. ಬ್ರೇಕು ಹಿಡಿದರೆ ಕೆಳಗಿನಿಂದ ಸುಸ್ ಅಂತ ಗಾಳಿ ಬರುತ್ತಿತ್ತು. ಮೂವತ್ತು ವರ್ಷ ಆ ಸದ್ದುಗಳ ಜೊತೆ ಬಾಳಿದವನು. ಕಾಲು ಕೈಬಿಟ್ಟರೆ ಬಿಡಲಿ, ಕಿವಿ ಇದೆಯಲ್ಲ ಎಂದು ಧೈರ್ಯ ಮಾಡಿದ. ಧೈರ್ಯ ಎಲ್ಲಿ ಬಂತು, ಭಂಡತನ. ಅದು ಅವನಿಗೂ ಗೊತ್ತಿತ್ತು. ಬಂಡೀಪುರದ ಕಾಡು ದಾಟಿ ಕೇರಳದ ಇಳಿಜಾರು ಬಂದಾಗಲೆಲ್ಲ ಅವನ ಬೆನ್ನು ತೊಯ್ದು ಹೋಗುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಚಿಕ್ಕಮಾದು ಲಾರಿಯೊಳಗೆ ಚಪ್ಪಲಿ ಹಾಕುತ್ತಿರಲಿಲ್ಲ. ಹತ್ತುವ ಮುಂಚೆ ಬಿಟ್ಟು, ಸೀಟಿನ ಹಿಂದೆ ತಳ್ಳಿ, ಮಾದಪ್ಪನ ಪಟಕ್ಕೆ ಕೈಮುಗಿದು ಕೂರುತ್ತಿದ್ದ. ಕೆಲಸ ಕಲಿಸಿದ ದೊಡ್ಡಯ್ಯ ಡ್ರೈವರ್ ಹೇಳಿಕೊಟ್ಟದ್ದು ಅದು, ಅನ್ನ ಕೊಡುವ ಗಾಡಿ ಗುಡಿ ಇದ್ದಂಗೆ ಎಂದು. ಚಿಕ್ಕಮಾದುವಿಗೆ ಅದರಲ್ಲಿ ಇನ್ನೂ ಒಂದು ಹೆಮ್ಮೆ ಇತ್ತು. ಅವನಪ್ಪ ಕಂಡವರ ಹೊಲದಲ್ಲಿ ದುಡಿದವನು. ಮೇಲಿನ ಬೀದಿಯಲ್ಲಿ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದವನು. ಅಪ್ಪ ಹೆದರಿ ಬಿಟ್ಟ, ನಾನು ನನ್ನ ಗಾಡಿಗೆ ಭಕ್ತಿಯಿಂದ ಬಿಡುತ್ತೇನೆ ಅನ್ನುತ್ತಿದ್ದ. ಸ್ಟೇರಿಂಗ್ ಹಿಡಿದ ಮೇಲೆಯೇ ಅವನನ್ನು ಜನ ‘ಬನ್ನಿ ಮಾದಣ್ಣ’ ಅಂದದ್ದು. ಅದನ್ನು ಬಿಟ್ಟರೆ ಮತ್ತೆ ಯಾರದೋ ಅರಿಶಿನದ ಹೊಲಕ್ಕೆ ಇಳಿಯಬೇಕು.

ಲಾರಿ ಹಳೆಯದು. ಇಂಜಿನ್ ಪಕ್ಕದಿಂದ ಪೆಡಲುಗಳ ಕೆಳಗಿನವರೆಗೂ ಹಾಸಿದ್ದ ತಗಡು ದೂರದ ಬಾಡಿಗೆಯಲ್ಲಿ ಹೆಂಚಿನ ಹಾಗೆ ಕಾಯುತ್ತಿತ್ತು. ಕ್ಲೀನರುಗಳು ಅದರ ಮೇಲೆ ಗೋಣಿ ಹಾಸಿ ಕಾಲಿಡುತ್ತಿದ್ದರು. ಚಿಕ್ಕಮಾದುವಿನ ಬಲಗಾಲು ಗೋಣಿ ಕೇಳಲಿಲ್ಲ.

ಸಂಕ್ರಾಂತಿ ಕಳೆದ ವಾರ, ಬೆಳಿಗ್ಗೆ, ಸುಂದ್ರಮ್ಮ ನೆಲ ಒರೆಸುತ್ತಿದ್ದಳು. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ತೇವದ ಗುರುತು. ಗುರುತಿನ ಹಿಂದೆಯೇ ಹೋದರೆ ಗಂಡ ಕಾಫಿ ಕುಡಿಯುತ್ತಾ ಕೂತಿದ್ದಾನೆ. ಕಾಲು ಎತ್ತಿ ನೋಡಿದಳು. ಅಂಗಾಲಿನ ಮುಂಭಾಗದಲ್ಲಿ ಅಂಗೈಯಷ್ಟು ಬೊಬ್ಬೆ ಎದ್ದು ಒಡೆದು, ಚರ್ಮ ಬೂದುಗಟ್ಟಿ, ಅಂಚಿನಲ್ಲಿ ಕೀವು.

“ಯಾವಾಗಾಯ್ತು ಇದು?” ಎಂದಳು.

ಅವನಿಗೇ ಗೊತ್ತಿರಲಿಲ್ಲ; ಗಾಡಿಯ ಕಾದ ತಗಡೇ ಇರಬೇಕು ಅನ್ನಿಸಿತು. “ಮೊನ್ನೆ ಕಣಮ್ಮಿ. ಅರಿಸ್ಣ ಬೇಯ್ಸೋ ಒಲೆ ತಾವು ಕೆಂಡ ತುಳುದ್ಬುಟ್ಟೆ.”

“ಇಷ್ಟು ಸುಟ್ಟಿದ್ರೂ ಉಸ್ ಅನ್ನಿಲ್ವಲ್ಲ ನೀನು.”

“ಗಂಡಸಲ್ವಾ,” ಎಂದು ನಕ್ಕ. ಆ ನಗು ಅವನಿಗೇ ಹಿಡಿಸಲಿಲ್ಲ.

ಸುಂದ್ರಮ್ಮ ಬಿಡುವ ಪೈಕಿ ಅಲ್ಲ. ಅವನ ಲೈಸನ್ಸ್ ಬೇರೆ ಆ ವಾರ ಮುಗಿಯುತ್ತಿತ್ತು. ಹೊಸದಾಗಿ ಮಾಡಿಸಬೇಕಾದರೆ ಡಾಕ್ಟರ ಸಹಿ ಬೇಕು. ಅದಿಲ್ಲದೆ ಗಾಡಿ ಮುಟ್ಟಬೇಡ ಎಂದು ಶಿವಶಂಕರಪ್ಪ ಎರಡು ಸಲ ಹೇಳಿ ಆಗಿತ್ತು. ಮಂಗಳವಾರ ಚಾಮರಾಜನಗರಕ್ಕೆ ಈರುಳ್ಳಿ ಲೋಡಿತ್ತು. ಇಳಿಸಿದ ಮೇಲೆ ಕಾಲು ತೋರಿಸುವುದು, ಸಹಿ ಹಾಕಿಸುವುದು ಎರಡೂ ಕೆಲಸ ಮುಗಿಸೋಣ ಎಂದು ಅವಳೂ ಲಾರಿ ಹತ್ತಿ ಪಕ್ಕದಲ್ಲಿ ಕೂತಳು.

ಸಂತೆ ಬೀದಿಯ ಹಿಂದೆ ಒಂದು ಚಿಕ್ಕ ಕ್ಲಿನಿಕ್ಕು. ಡಾಕ್ಟರ್ ಶಿವಾನಿ ಮಗಳ ವಯಸ್ಸಿನವಳು. ಕಣ್ಣು, ಕಿವಿ, ಬಿ.ಪಿ. ನೋಡಿ ಸಹಿ ಹಾಕಿ ಕಳಿಸುತ್ತಾಳೆ ಅಂದುಕೊಂಡಿದ್ದ. ಅವಳು ಸ್ಟೂಲು ಎಳೆದುಕೊಂಡು ಅವನ ಕಾಲಬುಡದಲ್ಲಿ ಕೂತಳು. ಗಾಯ ನೋಡಿ ಮುಖ ಗಂಭೀರವಾಯಿತು. ಕೆಂಡದ ಕಥೆ ಕೇಳಿಸಿಕೊಂಡಳು. ಆಮೇಲೆ ಪೆನ್ನಿನಂಥ ಒಂದು ಕಡ್ಡಿ ತೆಗೆದಳು, ಅದರ ತುದಿಯಲ್ಲಿ ಗಟ್ಟಿ ನೈಲಾನ್ ದಾರ ಇತ್ತು.

“ಕಣ್ಣು ಮುಚ್ಚಿ. ಇದು ತಾಗಿದಾಗೆಲ್ಲ ಹ್ಞೂಂ ಅನ್ನಿ.”

“ಗೊತ್ತಾಗ್ದಿದ್ರೆ ಏನವ್ವ?” ಎಂದ.

“ಗೊತ್ತಾಗದಿದ್ದರೆ ಕಾಲಿನ ನರ ಹೋಗಿದೆ ಅಂತ ಅರ್ಥ. ಸಹಿ ಹಾಕೋಕಾಗಲ್ಲ. ಅದಕ್ಕಿಂತ ಮುಖ್ಯ, ಆ ಕಾಲು ಉಳಿಸಿಕೊಳ್ಳಬೇಕಾದರೆ ಗಾಯ ಮಾಯೋವರೆಗೂ ನೆಲಕ್ಕೆ ಊರೋ ಹಾಗಿಲ್ಲ. ಎರಡು ತಿಂಗಳೂ ಆಗಬಹುದು. ಆಮೇಲೂ ಲಾರಿ ಬೇಡ.”

ಬಾಗಿಲ ಹತ್ತಿರದ ಬೆಂಚಿನಲ್ಲಿ ಸುಂದ್ರಮ್ಮ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಚಿಕ್ಕಮಾದು ಕಣ್ಣು ಮುಚ್ಚಿದ. ಕತ್ತಲೆ. ಕಾಲು ಅಲ್ಲಿದೆಯೋ ಇಲ್ಲವೋ ಅದೂ ತಿಳಿಯದು. ಮುಗೀತು ನನ್ನ ಕಥೆ, ಮಾದಪ್ಪ, ಮುಗೀತು ಅಂದುಕೊಂಡ. ಆಗ ಕೇಳಿಸಿತು, ಕಿರ್.

ಸ್ಟೂಲು. ಅವಳು ಮುಂದಕ್ಕೆ ಬಾಗಿದಾಗೆಲ್ಲ ಅದು ಕಿರ್ ಅನ್ನುತ್ತಿತ್ತು.

“ಹ್ಞೂಂ,” ಎಂದ.

ಕಿರ್. “ಹ್ಞೂಂ.”

ಸ್ವಲ್ಪ ಹೊತ್ತು ಸುಮ್ಮನೆ. ಬೇಕೆಂದೇ ತಡೆದಿದ್ದಾಳೆ, ಹಿಡಿಯಲು. ಅವನು ಹಲ್ಲು ಕಚ್ಚಿ ಕಾದ. ಕಿರ್. “ಹ್ಞೂಂ.” ಹತ್ತು ಸಲ ಮುಟ್ಟಿಸಿದಳು, ಹತ್ತು ಸಲವೂ ಹೇಳಿದ. ಕಣ್ಣು ಬಿಟ್ಟಾಗ ಅಂಗಿ ಬೆನ್ನಿಗಂಟಿತ್ತು.

“ಸದ್ಯ, ನರ ಚೆನ್ನಾಗಿದೆ,” ಎಂದಳು ಡಾಕ್ಟರ್. ಆ ಹುಡುಗಿಯ ಮುಖದಲ್ಲಿ ನಿಜವಾಗಿಯೂ ಸಮಾಧಾನ ಇತ್ತು. ಅದನ್ನು ನೋಡಿ ಅವನಿಗೆ ತಲೆ ತಗ್ಗಿತು. ಅವಳು ಗಾಯ ತೊಳೆದು, ದಪ್ಪಗೆ ಬ್ಯಾಂಡೇಜು ಸುತ್ತಿ, ಸಹಿ ಹಾಕಿ ಕೊಟ್ಟಳು. ಮೂರು ದಿನ ಬಿಟ್ಟು ತೋರಿಸಿ, ಗಾಯ ಮಾಯೋವರೆಗೂ ಗಾಡಿ ಹತ್ತಬೇಡಿ ಎಂದು ಎರಡು ಸಲ ಹೇಳಿದಳು. ಅವನು ಎರಡು ಸಲವೂ ಆಗಲವ್ವ ಅಂದ. ಹೊರಗೆ ಬಂದು ಚಪ್ಪಲಿ ಸೀಟಿನ ಹಿಂದೆ ತಳ್ಳಿ ಗಾಡಿ ಹತ್ತಿದ.

“ಮನೆಗಂಟ ಓಡ್ಸಿ ಬುಟ್ಬುಡು,” ಎಂದಳು ಸುಂದ್ರಮ್ಮ.

ಹರವೆ ಕಡೆಯ ರಸ್ತೆ ಹಿಡಿದರು. ಸುಂದ್ರಮ್ಮನಿಗೆ ಅವತ್ತು ಹಬ್ಬ. ಬರುವಾಗ ಬಾಯಿ ಹೊಲಿದುಕೊಂಡು ಬಂದವಳು ಈಗ ನಿಲ್ಲಿಸದೆ ಮಾತಾಡಿದಳು.

“ದಿನಾ ಅಂಗಾಲ ನೋಡ್ಬೇಕಂತೆ, ಕನ್ನಡಿ ಮಡೀಕಂಡು. ತೊಳುದ್ಮೇಲೆ ಬೆರಳ ಸಂದೀಲಿ ನೀರು ನಿಲ್ದಂಗೆ ಒರುಸ್ಬೇಕಂತೆ. ಹಿಮ್ಮಡೀಗೆ ಎಣ್ಣೆ ಸವರ್ಬೇಕು, ಸಂದಿಗೆ ಬ್ಯಾಡ. ಆಣಿ ಎದ್ರೆ ನೀನು ಬ್ಲೇಡಲ್ಲಿ ಕುಯ್ಕತಿದ್ದಲ್ಲ, ಅದೊಂದು ಮಾಡ್ಕೂಡ್ದಂತೆ. ಚಪ್ಲಿ ಕೊಡವಿ ಆಕ್ಬೇಕು, ಮನೇಲೂ ಬರಿಗಾಲಲ್ಲಿ ಓಡಾಡ್ಬಾರ್ದು. ನಿಂಗೆ ಬಗ್ಗಕ್ಕಾಗ್ದಿದ್ರೆ ಬುಡು, ನಾ ನೋಡ್ಕತೀನಿ. ದಿನಾ ನೋಡ್ತೀನಿ. ನಾ ಎಷ್ಟು ಎದ್ರಿದ್ದೆ ಗೊತ್ತಾ. ನಮ್ಮ ಗೋವಿಂದಯ್ಯಣ್ಣನ ಕಾಲು ಇದೇ ಸಕ್ಕರೆ ಕಾಯ್ಲೇಲಿ ಮಂಡಿಗಂಟ ತಗುದ್ರಲ್ಲ, ಅದೇ ಕಣ್ಮುಂದೆ ಬರ್ತಿತ್ತು.”

ಚಿಕ್ಕಮಾದು ರಸ್ತೆ ನೋಡುತ್ತಿದ್ದ. ಜೇಬಿನಲ್ಲಿ ಸಹಿ ಇತ್ತು. ಗೆದ್ದೆ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ಹೇಳಿಬಿಡಲೇ ಅಂದುಕೊಂಡ. ಬೇಗೂರು ತಲುಪಲಿ, ಆಮೇಲೆ ಅಂದುಕೊಂಡ. ಎರಡು ವರ್ಷದಿಂದ ಹೀಗೇ ಅಂದುಕೊಂಡು ಬಂದಿದ್ದ.

ಹರವೆ ದಾಟಿ ಒಂದು ತಿರುವು ಕಳೆದ ಮೇಲೆ ರಸ್ತೆಗೆ ಅಡ್ಡಲಾಗಿ ಹುರುಳಿ ಹಾಸಿದ್ದರು. ಗಾಡಿ ಓಡಾಡಿದರೆ ಕಾಳು ಉದುರುತ್ತದೆ ಎಂದು ಸುಗ್ಗಿಯಲ್ಲಿ ಎಲ್ಲರೂ ಹಾಸುತ್ತಾರೆ, ಡ್ರೈವರುಗಳು ಬೈದುಕೊಂಡೇ ಅದರ ಮೇಲೆ ಹೋಗುತ್ತಾರೆ. ಹಾಸಿನ ಆ ತುದಿಯಲ್ಲಿ ಒಬ್ಬ ಅಜ್ಜಿ ಬೆನ್ನು ಮಾಡಿ ಬಗ್ಗಿ ಗುಡಿಸುತ್ತಿದ್ದಳು. ಚಿಕ್ಕಮಾದು ಹಾರ್ನ್ ಹೊಡೆದ. ಅಜ್ಜಿಗೆ ಕೇಳಿಸಲಿಲ್ಲ. ದೂರ ಇದೆಯಲ್ಲ ಎಂದು ನಿಧಾನಕ್ಕೆ ಬ್ರೇಕು ತುಳಿದ.

ಅಷ್ಟರಲ್ಲಿ ಚಕ್ರ ಹುರುಳಿಯ ಮೇಲೆ ಹತ್ತಿತು. ಒಣಗಿದ ಕಾಯಿ ಚಟಪಟ ಸಿಡಿಯತೊಡಗಿದವು. ಗಾಡಿಯಡಿಯೆಲ್ಲ ಅದೇ ಸದ್ದು. ಸುಸ್ ಅನ್ನುವ ಗಾಳಿ ಬಂತೋ ಇಲ್ಲವೋ, ಇಂಜಿನ್ ತಗ್ಗಿತೋ ಇಲ್ಲವೋ, ಏನೂ ಕೇಳಿಸಲಿಲ್ಲ. ಅವನು ಇನ್ನಷ್ಟು ತುಳಿದ. ಲಾರಿ ನಿಧಾನವಾಗಲಿಲ್ಲ, ಜೋರಾಯಿತು. ಮತ್ತೂ ಬಲವಾಗಿ ತುಳಿದ.

“ನಿಲ್ಸು,” ಎಂದಳು ಸುಂದ್ರಮ್ಮ. “ತುಳಿ, ಬ್ರೇಕು ತುಳಿ.”

“ತುಳೀತಾವ್ನಿ ಕಣಮ್ಮಿ.”

ಅವಳು ಕೆಳಗೆ ನೋಡಿದಳು. “ಕಾಲು ಅಲ್ಲಿಲ್ಲ,” ಎಂದಳು.

ಅವನೂ ನೋಡಿದ. ದಪ್ಪ ಬ್ಯಾಂಡೇಜಿನ ಕಾಲು ಬ್ರೇಕಿನ ಪಕ್ಕಕ್ಕೆ ಜಾರಿ ಆಕ್ಸಿಲರೇಟರಿನ ಮೇಲೆ ಕೂತಿತ್ತು. ಅವನು ಜೀವ ಬಿಟ್ಟು ತುಳಿಯುತ್ತಿದ್ದದ್ದು ಅದನ್ನೇ. ಕೈಯಿಂದ ತೊಡೆ ಹಿಡಿದು ಆ ಕಾಲನ್ನು ಅತ್ತ ಎಳೆದೆಸೆದ. ಎಡಗಾಲನ್ನು ಕ್ಲಚ್ಚಿನಿಂದ ಕಿತ್ತು ಬ್ರೇಕಿನ ಮೇಲೆ ಹೇರಿ ನಿಂತೇಬಿಟ್ಟ. ಲಾರಿ ಹುರುಳಿಯ ಮೇಲೆ ಜಾರಿ, ಗಡಗಡ ನಡುಗಿ, ಆಫಾಗಿ ನಿಂತಿತು.

ಅಜ್ಜಿ ಬಂಪರಿನಿಂದ ಒಂದು ಮೊಳ ಆಚೆ ಮಗ್ಗುಲಾಗಿ ಬಿದ್ದಿದ್ದಳು. ಪೊರಕೆ ಚಕ್ರದಡಿ ಸಿಕ್ಕಿತ್ತು. ಸುಂದ್ರಮ್ಮ ಹಾರಿಕೊಂಡು ಹೋಗಿ ಅವಳನ್ನು ಎತ್ತಿ ಕೂರಿಸಿದಳು. ಮೊಣಕೈ ತರಚಿತ್ತು, ಅಷ್ಟೇ.

“ಕಾಲಿಗೇನು ಬಂದಿತ್ಲಾ ನಿಂಗೆ,” ಎಂದಳು ಅಜ್ಜಿ. “ನಿಂದು ಕಾಲೋ ಕೊರಡೋ?”

ಚಿಕ್ಕಮಾದು ಇಳಿದು ಬಂದು ಅವಳಿಗೆ ಕೈಮುಗಿದ. ಅವಳು ಗೊಣಗುತ್ತಾ ನೀರು ಕುಡಿಯಲು ಮನೆ ಕಡೆ ಹೋದಳು. ಅವನು ಹುರುಳಿ ಸೊಪ್ಪಿನ ಮೇಲೆ ಕುಸಿದು ಕೂತ. ಲಾರಿ ಕೀ ತೆಗೆದು ಸುಂದ್ರಮ್ಮನ ಕೈಗೆ ಹಾಕಿದ.

“ಇದ್ಯಾಕೆ ನಂಗೆ?”

“ಸಿವಸಂಕರಪ್ಪೋರ್ಗೆ ಫೋನ್ ಮಾಡ್ಬುಡು. ಬೇರೆಯೋರ್ನ ಕಳ್ಸ್ಲಿ.” ಬ್ಯಾಂಡೇಜಿನ ಕಾಲನ್ನು ಮುಂದಕ್ಕೆ ಚಾಚಿದ. “ಆ ಡಾಕ್ಟ್ರಮ್ಮ ದಾರ ತಾಗ್ಸುದ್ದು ನಂಗೆ ಒಂದ್ಸಲವೂ ಗೊತ್ತಾಗ್ನಿಲ್ಲ ಕಣಮ್ಮಿ. ಸ್ಟೂಲು ಕಿರ್ ಅಂತಿತ್ತು, ಅದ ಕೇಳ್ಕಂಡು ಹ್ಞೂಂ ಅಂದೆ. ಕೆಂಡನೂ ಸುಳ್ಳು. ಇದು ಸತ್ತು ಎರಡು ವರ್ಸ ಆಯ್ತು.”

ಸುಂದ್ರಮ್ಮನ ಮುಖ ಬಿಳುಪೇರಿತು. ಬೈಯುತ್ತಾಳೆ ಅಂದುಕೊಂಡ. ಬೈಯಲಿಲ್ಲ. ಅವನೆದುರು ಕೂತು, ಗಾಯವಿಲ್ಲದ ಹಿಮ್ಮಡಿಯ ಕಡೆ ಬ್ಯಾಂಡೇಜು ಸ್ವಲ್ಪ ಸರಿಸಿದಳು. ಪಕ್ಕದಿಂದ ಒಂದು ಹುರುಳಿ ಕಡ್ಡಿ ಮುರಿದುಕೊಂಡಳು.

“ಕಣ್ಮುಚ್ಚು,” ಎಂದಳು. “ನನ್ ತಾವು ಸುಳ್ಳೇಳ್ಬ್ಯಾಡ. ಒಂದ್ಚೂರಾದ್ರೂ ಗೊತ್ತಾದ್ರೆ ಹ್ಞೂಂ ಅನ್ನು.”

ಕಣ್ಣು ಮುಚ್ಚಿದ. ಅವಳ ಗಾಜಿನ ಬಳೆ ಸದ್ದು ಮಾಡಿತು. ಕೈ ಎಲ್ಲಿದೆ, ಯಾವಾಗ ಬಗ್ಗಿತು, ಎಲ್ಲ ಆ ಬಳೆಯೇ ಹೇಳುತ್ತದೆ. ಹ್ಞೂಂ ಅನ್ನುವುದು ಎಷ್ಟು ಸುಲಭ. ಅಂದುಬಿಟ್ಟರೆ ಇವಳ ಮುಖದಲ್ಲಿ ಮತ್ತೆ ಆ ಸಂತೋಷ ಬರುತ್ತದೆ.

ಚಿಕ್ಕಮಾದು ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡ.

ಕಾದ. ಕತ್ತಲಲ್ಲಿ ಮನಸ್ಸನ್ನೆಲ್ಲ ಆ ಹಿಮ್ಮಡಿಗೆ ಕಳಿಸಿ ಕಾದ. ಒಂದು ಇರುವೆ ಹರಿದಷ್ಟಾದರೂ ಕೊಡು ಮಾದಪ್ಪ ಎಂದು ಬೇಡಿಕೊಂಡ. ಏನೂ ಬರಲಿಲ್ಲ. ಬಹಳ ಹೊತ್ತಾಯಿತು. ಅವಳಿಗೆ ಚುಚ್ಚಲು ಮನಸ್ಸಾಗುತ್ತಿಲ್ಲ ಅಂದುಕೊಂಡ.

“ಇನ್ನೂ ಸುರು ಮಾಡ್ನಿಲ್ವಾ?” ಎಂದು ಕಣ್ಣು ಬಿಟ್ಟ.

ಹುರುಳಿ ಕಡ್ಡಿ ಚೂರುಚೂರಾಗಿ ನೆಲದ ಮೇಲೆ ಬಿದ್ದಿತ್ತು. ಅವನ ಕಾಲು ಅವಳ ಮಡಿಲಿನಲ್ಲಿತ್ತು. ಸುಂದ್ರಮ್ಮ ಅದನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು, ಹಿಮ್ಮಡಿಗೆ ಹಣೆ ಒತ್ತಿ ಅಳುತ್ತಿದ್ದಳು.